ವರ್ಷದ ಮೇಲಿನ ಐದು ದಿನಗಳು

ಕೇಳುಗರಿಗೆ ನಮಸ್ಕಾರ.

ಪ್ರಾಚೀನ ಈಜಿಪ್ಟಿನ ವರ್ಷಕ್ಕೆ 12 ತಿಂಗಳು, ತಿಂಗಳಿಗೆ ತಪ್ಪದೆ 30 ದಿನ. ಒಟ್ಟು 360. ಅದರ ಮೇಲೆ ಇನ್ನೈದು. ಯಾವ ತಿಂಗಳಿಗೂ ಸೇರದ ಈ ಐದನ್ನು ಗ್ರೀಕರು ‘ಎಪಗೊಮೆನಾಯ್’ ಎಂದರು. ‘ಎಪಿ’ ಎಂದರೆ ಮೇಲೆ, ‘ಆಗೊ’ ಎಂದರೆ ಕರೆತರುತ್ತೇನೆ. ಹಾಗಾಗಿ ಇವು ಮೇಲೆ ತಂದು ಸೇರಿಸಿದ ದಿನಗಳು. ಈಜಿಪ್ಟಿನವರದೇ ಹೆಸರಿಗೂ ‘ವರ್ಷದ ಮೇಲಿನವು’ ಎಂದೇ ಅರ್ಥ. ನಾವೂ ‘ನೂರರ ಮೇಲೆ ಐದು’ ಎನ್ನುತ್ತೇವಲ್ಲ, ಅದೇ ‘ಮೇಲೆ’.

ಇದನ್ನು ಲ್ಯಾಟಿನ್ನಿನ ‘ಇಂಟರ್‌ಕಲಾರೆ’ಯೊಂದಿಗೆ ಬೆರೆಸಬಾರದು. ‘ಇಂಟರ್’ ಎಂದರೆ ನಡುವೆ, ‘ಕಲಾರೆ’ ಎಂದರೆ ಕೂಗಿ ಸಾರುವುದು. ಅಂದರೆ ನಡುವೆ ಸೇರುವುದನ್ನು ಸಾರಿ ಹೇಳುವುದು. ರೋಮಿನಲ್ಲಿ ತಿಂಗಳ ಮೊದಲ ದಿನವಾದ ‘ಕಲೆಂಡೆ’ಗೂ, ಅದರಿಂದ ಬಂದ ‘ಕ್ಯಾಲೆಂಡರ್’ಗೂ ಇದೇ ಬೇರು. ಗಣರಾಜ್ಯದ ಕಾಲದಲ್ಲಿ ಅಲ್ಲಿ ಹೆಚ್ಚುವರಿ ತಿಂಗಳು ಬರಬೇಕಾದರೆ ಪುರೋಹಿತರು ತೀರ್ಮಾನಿಸಬೇಕಿತ್ತು. ಈಜಿಪ್ಟಿನ ಐದು ದಿನಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಪ್ರತಿ ವರ್ಷದ ಕೊನೆಗೆ ಬಂದೇ ಬರುತ್ತಿದ್ದವು. ಎರಡನ್ನೂ ‘ಅಧಿಕ ದಿನ’ ಎಂದುಬಿಟ್ಟರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ ಕಥೆಯಲ್ಲಿ, ವರ್ಷದ ಯಾವ ದಿನವೂ ಹೆರಬಾರದೆಂದು ದೇವಿಯೊಬ್ಬಳಿಗೆ ಸೂರ್ಯನ ಶಾಪ. ಆಗ ಹರ್ಮಿಸ್ ದೇವರು ಚಂದ್ರನೊಂದಿಗೆ ಆಟವಾಡಿ ಅವನ ಬೆಳಕಿನ 70ರಲ್ಲೊಂದು ಪಾಲು ಗೆಲ್ಲುತ್ತಾನೆ. 360ನ್ನು 70ರಿಂದ ಭಾಗಿಸಿ ನೋಡಿ, ಐದಕ್ಕಿಂತ ತುಸು ಹೆಚ್ಚು! ಗೆದ್ದ ಆ ಐದು ದಿನಗಳಲ್ಲಿ ಒಸಿರಿಸ್, ಹಿರಿಯ ಹೋರಸ್, ಸೆತ್, ಐಸಿಸ್, ನೆಫ್ತಿಸ್ ಎಂಬ ಐವರು ದೇವತೆಗಳು ಹುಟ್ಟಿದರು.

ಆದರೆ 365 ಸಾಲದು. ಸೂರ್ಯವರ್ಷಕ್ಕೆ ಸುಮಾರು ಕಾಲು ದಿನ ಹೆಚ್ಚಿದೆ. ನಾಲ್ಕು ವರ್ಷಕ್ಕೊಂದು ದಿನದಂತೆ ಪಂಚಾಂಗ ಜಾರಿ, 120 ವರ್ಷಗಳಲ್ಲಿ ಒಂದು ತಿಂಗಳಷ್ಟು ಋತುವಿನಿಂದ ದೂರವಾಗುತ್ತದೆ. ಕ್ರಿ.ಪೂ. 238ರಲ್ಲಿ ಈಜಿಪ್ಟಿನ ದೊರೆ ಮೂರನೆಯ ಟಾಲೆಮಿಯ ಕಾಲದ ಕನೋಪಸ್ ಶಾಸನ ನಾಲ್ಕು ವರ್ಷಕ್ಕೊಮ್ಮೆ ಆರನೆಯ ದಿನ ಸೇರಿಸಲು ಹೇಳಿತು. ಅದು ನೆಲೆಯೂರಲಿಲ್ಲ. ರೋಮಿನ ಚಕ್ರವರ್ತಿ ಆಗಸ್ಟಸ್‌ನ ಆಳ್ವಿಕೆಯಲ್ಲಿ ಕೊನೆಗೂ ಜಾರಿಯಾಯಿತು.

‘ಎಪಗೊಮೆನಾಯ್’ ಎಂಬ ಆ ಗ್ರೀಕ್ ಪದ ಇಥಿಯೋಪಿಯದಲ್ಲಿ ಇಂದಿಗೂ ಬದುಕಿದೆ. ಅಲ್ಲಿನ 13ನೆಯ ತಿಂಗಳು ‘ಪಾಗುಮೆ’. ಸದ್ಯ ಅದು ನಮ್ಮ ಸೆಪ್ಟೆಂಬರ್ 6ಕ್ಕೆ ಶುರುವಾಗಿ 10ಕ್ಕೆ ಮುಗಿಯುತ್ತದೆ, 11 ಹೊಸವರ್ಷ. ಇಥಿಯೋಪಿಯದ ವರ್ಷಸಂಖ್ಯೆಯನ್ನು 4ರಿಂದ ಭಾಗಿಸಿ 3 ಉಳಿದರೆ ಪಾಗುಮೆಗೆ ಆರು ದಿನ, ಹೊಸವರ್ಷ 12ಕ್ಕೆ. ಅವರ 2015 ಅಂಥದ್ದು, ಹಾಗಾಗಿ 2016 ಶುರುವಾದದ್ದು ನಮ್ಮ 2023ರ ಸೆಪ್ಟೆಂಬರ್ 12ರಂದು. ತಾರೀಖು ಬದಲಿಸುವ ತಂತ್ರಾಂಶಗಳು ಎಡವುವುದು ಇಲ್ಲೇ: ತಿಂಗಳು 12ನ್ನು ದಾಟದು ಎಂದುಕೊಂಡು ಬರೆದ ಲೆಕ್ಕ 13ನ್ನು ಕಂಡೊಡನೆ ತಪ್ಪೆಂದು ತಿರಸ್ಕರಿಸುತ್ತದೆ, ಪಾಗುಮೆಯಲ್ಲಿ ಹುಟ್ಟಿದವರ ಜನ್ಮದಿನ ದಾಖಲಾಗುವುದೇ ಇಲ್ಲ.

ನಮಸ್ಕಾರ.