ಖಾಸಗಿ ತನಿಖೆಯವರಿಗೆ ಎಂಥ ವಿಡಿಯೊ ಕ್ಯಾಮೆರಾ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರ, ಇಂಡಿ, ಸಿಂದಗಿ ಕಡೆಯ ಹುಡುಗರು ಈಗೀಗ ಖಾಸಗಿ ತನಿಖೆಯ ಕೆಲಸಕ್ಕೆ ಬರುತ್ತಿದ್ದಾರೆ. ಅಪಘಾತ ಪರಿಹಾರದ ಅರ್ಜಿ, ವಿಮೆಯ ಕ್ಲೇಮು, ಮದುವೆಗೆ ಮುಂಚಿನ ವಿಚಾರಣೆ, ಬಾಡಿಗೆ ತಗಾದೆ, ಹೀಗೆ. ಬಂದವರು ಮೊದಲು ಕೇಳುವುದು, "ಎಷ್ಟು ಎಕ್ಸ್ ಜೂಮ್ ಇರೋ ಕ್ಯಾಮೆರಾ ತಗೊಳ್ಳಲಿ?" ಅಂತ. ನಾನೂ ಇದೇ ಕೆಲಸದಲ್ಲಿರುವವನು. ಜೂಮ್ ಆಮೇಲೆ ಕೇಳಿ, ನಿಲ್ಲದೆ ಎಷ್ಟು ಹೊತ್ತು ಓಡುತ್ತದೆ ಅಂತ ಮೊದಲು ಕೇಳಿ ಎನ್ನುತ್ತೇನೆ.

ಬೆನ್ನಿಗೆ ಪೆಟ್ಟು ಬಿದ್ದಿದೆ, ದುಡಿಯಲಾಗುತ್ತಿಲ್ಲ ಎಂದು ಪರಿಹಾರ ಕೇಳಿದ ಕೂಲಿಕಾರನೊಬ್ಬ ಇದ್ದಾನೆ ಅಂತಿಟ್ಟುಕೊಳ್ಳಿ. ಇಂಡಿಯ ನಿಂಬೆ ತೋಟದಲ್ಲಿ ಅವನು ಒಂದು ಬುಟ್ಟಿ ಎತ್ತಿದ. ನಿಮಗೆ 20 ಸೆಕೆಂಡಿನ ಚಿತ್ರ ಸಿಕ್ಕಿತು. ಕ್ಲೇಮು ತಿರಸ್ಕರಿಸಬೇಕೆನ್ನುವವರಿಗೆ ಅಷ್ಟೇ ಸಾಕು. ಆದರೆ ಬುಟ್ಟಿ ಇಳಿಸಿದ ಮೇಲೆ ಅವನು ಸೊಂಟ ಹಿಡಿದುಕೊಂಡು ಅರ್ಧ ಗಂಟೆ ಗಿಡದ ಬುಡದಲ್ಲಿ ಕೂತಿದ್ದರೆ? ಆ ಅರ್ಧ ಗಂಟೆ ನಿಮ್ಮ ಕಾರ್ಡಿನಲ್ಲಿ ಇಲ್ಲದಿದ್ದರೆ, ನಿಮ್ಮ ಕ್ಯಾಮೆರಾ ಸುಳ್ಳು ಸಾಕ್ಷಿ ಹೇಳಿದಂತಾಯಿತು. ಒಂದು ಮನೆಯ ಅನ್ನ ಹೋಗುತ್ತದೆ. ಅವನು ನಾಟಕವಾಡುತ್ತಿದ್ದರೂ ಅದು ಬಯಲಾಗುವುದು ಉದ್ದದ ಚಿತ್ರದಲ್ಲೇ. ಬುಟ್ಟಿಯ ಮೇಲೆ ಬುಟ್ಟಿ ಹೊತ್ತು ತಿರುಗುತ್ತಾನೋ ಇಲ್ಲವೋ, ಅದರಲ್ಲಿ ಕಾಣುತ್ತದೆ. ಆದ್ದರಿಂದ ಕತ್ತರಿಸದ, ನಡುವೆ ನಿಲ್ಲದ ಚಿತ್ರ ಕೊಡುವ ಯಂತ್ರ ನಮಗೆ ಬೇಕು.

ಇಲ್ಲೇ ಬಹಳ ಹೆಸರು ಮಾಡಿದ ಕ್ಯಾಮೆರಾಗಳು ಕೈಕೊಡುತ್ತವೆ. ನಿಕಾನ್ ಪಿ900 ಬಂದದ್ದು 2015ರಲ್ಲಿ, 83 ಪಟ್ಟು ಆಪ್ಟಿಕಲ್ ಜೂಮ್. 2018ರ ಪಿ1000ಕ್ಕೆ 125 ಪಟ್ಟು. ಹಕ್ಕಿ, ಚಂದ್ರನ ಚಿತ್ರಕ್ಕೆ ಅದ್ಭುತ. ಆದರೆ ಮೂಲದಲ್ಲಿ ಇವು ಸ್ಟಿಲ್ ಕ್ಯಾಮೆರಾಗಳು. ಒಮ್ಮೆ ಗುಂಡಿ ಒತ್ತಿದರೆ ಸುಮಾರು 29 ನಿಮಿಷಕ್ಕೆ ರೆಕಾರ್ಡಿಂಗ್ ತಾನಾಗಿ ನಿಂತುಬಿಡುತ್ತದೆ. ಅರ್ಧ ಗಂಟೆ ದಾಟಿ ಚಿತ್ರಿಸುವ ಯಂತ್ರವನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಹೆಚ್ಚಿನ ಆಮದು ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿಗಳು ಈ ಮಿತಿ ಇಟ್ಟವು. ಎಲ್ಲೋ ಹಾಕಿದ ಸುಂಕ ನಮ್ಮ ಸಿಂದಗಿ ರಸ್ತೆಯ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ವಿಡಿಯೊಗೆಂದೇ ಮಾಡಿದ ಕ್ಯಾಮ್‌ಕಾರ್ಡರ್‌ಗಳಿಗೆ ಈ ಮಿತಿಯಿಲ್ಲ. ಬ್ಯಾಟರಿ, ಕಾರ್ಡು ಇರುವಷ್ಟು ಹೊತ್ತು ಓಡುತ್ತವೆ. ಕೆಲವದರಲ್ಲಿ ಎರಡು ಕಾರ್ಡ್ ಹಾಕಬಹುದು, ಒಂದು ತುಂಬಿದ ಕೂಡಲೇ ಇನ್ನೊಂದಕ್ಕೆ ತಾನೇ ದಾಟುತ್ತದೆ. ಕಡಿಮೆ ಜಿಬಿಯ ಕಾರ್ಡುಗಳಲ್ಲಿ 4 ಜಿಬಿಗೊಮ್ಮೆ ಫೈಲು ತುಂಡಾಗುತ್ತದೆ, ಅದಕ್ಕೆ ಗಾಬರಿ ಬೇಡ. ತುಂಡುಗಳು ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ.

ಈಗ ಜೂಮ್. ಮೊದಲನೆಯದಾಗಿ, ಡಿಜಿಟಲ್ ಜೂಮ್ ಎಂದು ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ಪೂರ್ತಿ ಮರೆತುಬಿಡಿ. ಅದು ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ, ಹೊಸ ವಿವರ ತರುವುದಿಲ್ಲ. ಮಸೂರವೇ ಸರಿದು ಕೊಡುವ ಆಪ್ಟಿಕಲ್ ಜೂಮ್ ಮಾತ್ರ ಲೆಕ್ಕಕ್ಕೆ. ಅದು ಎಷ್ಟಿರಬೇಕು? ಕಣ್ಗಾವಲು ಕ್ಯಾಮೆರಾಗಳಿಗೆ ಒಂದು ಅಂತಾರಾಷ್ಟ್ರೀಯ ಅಳತೆಯಿದೆ. ಅಪರಿಚಿತನ ಗುರುತು ಖಚಿತವಾಗಿ ಹೇಳಬೇಕಾದರೆ ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳು, ಸಿಗಬೇಕು. ಪರಿಚಯದವನನ್ನು ಗುರುತಿಸಲು 125 ಸಾಕು. 25 ಇದ್ದರೆ ಅಲ್ಲೊಬ್ಬ ಆಳು ಇದ್ದಾನೆ ಅನ್ನುವುದಷ್ಟೇ ತಿಳಿಯುತ್ತದೆ.

ಸೋನಿಯ ಎಎಕ್ಸ್53 ಥರದ, 20 ಪಟ್ಟು ಜೂಮಿನ ಕ್ಯಾಮ್‌ಕಾರ್ಡರ್ ತೆಗೆದುಕೊಳ್ಳಿ. ಪೂರ್ತಿ ಜೂಮ್ ಮಾಡಿ 100 ಮೀಟರ್ ದೂರ ನೋಡಿದರೆ ಚೌಕಟ್ಟಿನ ಅಗಲ ಸುಮಾರು ಏಳು ಮೀಟರ್. ಫುಲ್ ಎಚ್‌ಡಿಯ 1920 ಪಿಕ್ಸೆಲ್ ಅದರಲ್ಲಿ ಹಂಚಿದರೆ ಮೀಟರಿಗೆ 270ರ ಮೇಲೆ ಬರುತ್ತದೆ. ಗುರುತಿಗೆ ಸಾಕು. ಅಗಲಕ್ಕೆ ಅದರ ಎರಡರಷ್ಟು ಪಿಕ್ಸೆಲ್ ಇರುವ 4ಕೆ ಆದರೆ ಸುಮಾರು 200 ಮೀಟರಿನವರೆಗೂ ನಡೆಯುತ್ತದೆ. 100 ಮೀಟರ್ ಎಂದರೆ ಕಡಿಮೆಯೇನಲ್ಲ. ನಮ್ಮ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ, ಅಂಥವೆರಡನ್ನು ಪಕ್ಕಪಕ್ಕ ಇಟ್ಟರೂ ಆ ದೂರ ತುಂಬುವುದಿಲ್ಲ. ಅದೇ ದೂರದಿಂದ ಮೊಬೈಲಿನ ಮುಖ್ಯ ಮಸೂರದಲ್ಲಿ 4ಕೆ ತೆಗೆದರೂ ಮೀಟರಿಗೆ 25ರ ಆಸುಪಾಸು ಮಾತ್ರ ಸಿಗುತ್ತದೆ.

ಇನ್ನೂ ದೂರದ ಆಸೆ ಇದ್ದವರಿಗೆ ನಮ್ಮ ಬಿಸಿಲೇ ಅಡ್ಡ ಬರುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎರೆಹೊಲದ ಮೇಲೆ ಬಿಸಿಗಾಳಿ ಕುಣಿಯುತ್ತದೆ. ಆ ಬಿಸಿಲ್ಗುದುರೆಯಲ್ಲಿ 125 ಪಟ್ಟು ಜೂಮ್ ಮಾಡಿದರೆ ಮುಖ ನೀರಿನೊಳಗಿಂದ ನೋಡಿದ ಹಾಗೆ ಅಲುಗಾಡುತ್ತದೆ. ಎಷ್ಟು ದುಡ್ಡಿನ ಮಸೂರವಾದರೂ ಇದನ್ನು ಗೆಲ್ಲಲಾರದು. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಕೆಲಸ ಮಾಡಿ. ಸಾಮಾನ್ಯವಾಗಿ ಈ ಯಂತ್ರಗಳು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾಡಿದವು. ನಮ್ಮ ಬೇಸಿಗೆ ಅದನ್ನು ದಾಟುತ್ತದೆ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಬ್ಯಾಟರಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋಗಬೇಡಿ. ಬೆಳಗಾವಿಯವರ ಕಷ್ಟ ಬೇರೆ. ಅಲ್ಲಿನ ಮಳೆಗಾಲದ ತೇವದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಅಲ್ಲಿನ ಕ್ಯಾಂಪ್ ಪ್ರದೇಶ ಸೇನೆಯದು, ಆ ಕಡೆ ಉದ್ದ ಮಸೂರ ಹಿಡಿದು ನಿಲ್ಲಲೇಬೇಡಿ.

ಚಿತ್ರ ಅಲುಗಾಡದಿರಲು ಆಪ್ಟಿಕಲ್ ಸ್ಟೆಬಿಲೈಸೇಶನ್ ಇರುವುದನ್ನೇ ಆರಿಸಿ. ಜೊತೆಗೆ ದಪ್ಪ ಬಟ್ಟೆಯ ಸಣ್ಣ ಚೀಲದಲ್ಲಿ ಜೋಳ ತುಂಬಿ ಹೊಲಿದುಕೊಳ್ಳಿ. ಕಾರಿನ ಕಿಟಕಿ ಅಂಚಿಗೆ ಅದನ್ನಿಟ್ಟು ಮೇಲೆ ಕ್ಯಾಮೆರಾ ಕೂರಿಸಿದರೆ ಟ್ರೈಪಾಡ್ ನೆನಪಾಗುವುದಿಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರಲಿ. ಬಿಸಿಲಿನಲ್ಲಿ ಪರದೆ ಕಾಣದು, ಕತ್ತಲಲ್ಲಿ ಪರದೆಯ ಬೆಳಕು ನಿಮ್ಮ ಮುಖವನ್ನೇ ತೋರಿಸುತ್ತದೆ.

ಕತ್ತಲಿನ ಮಾತು ಬಂದಿತು. ದೊಡ್ಡ ಜೂಮ್ ಬೆಳಕು ತಿನ್ನುತ್ತದೆ. ಪಿ1000ದ ಮಸೂರ ಅಗಲ ಕೋನದಲ್ಲಿ ಎಫ್2.8, ತುದಿಯಲ್ಲಿ ಎಫ್8, ಅಂದರೆ ಎಂಟನೇ ಒಂದು ಪಾಲು ಬೆಳಕು. ಬೀದಿದೀಪದಲ್ಲಿ ಕೆಲಸವಿದ್ದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಾಗಿ, ಒಂದು ಇಂಚಿನದು ಇರುವ ಸೋನಿ ಎಎಕ್ಸ್700 ಥರದ್ದು ವಾಸಿ. ಜೂಮ್ 12 ಪಟ್ಟು ಮಾತ್ರ, ಬೆಲೆಯೂ ಜಾಸ್ತಿ. ಇನ್‌ಫ್ರಾರೆಡ್ ನೈಟ್ ಮೋಡ್ ಕೆಲವೇ ಮೀಟರಿಗೆ ಉಪಯೋಗ, ಕಾರಿನ ಗಾಜಿನ ಹಿಂದಿನಿಂದ ಹಚ್ಚಿದರೆ ಗಾಜೇ ಹೊಳೆಯುತ್ತದೆ.

ಗುಂಡಿ ಕ್ಯಾಮೆರಾ, ಪೆನ್ ಕ್ಯಾಮೆರಾ ಬೇಡವೇ ಅಂತ ಕೇಳುವಿರಿ. ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ಚಿತ್ರ ಕೆಟ್ಟದ್ದು, ಬ್ಯಾಟರಿ ಮುಗಿದರೆ ಗಡಿಯಾರದ ತಾರೀಕು, ಸಮಯವೂ ಅಳಿಸಿಹೋಗುತ್ತದೆ. ಅದಕ್ಕಿಂತ ಮುಖ್ಯ, ಅದು ನಿಮ್ಮನ್ನು ಇನ್ನೊಬ್ಬರ ಮನೆಯೊಳಗೆ ಎಳೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಯಾರದೇ ದೇಹದ ಖಾಸಗಿ ಭಾಗವನ್ನು ಒಪ್ಪಿಗೆಯಿಲ್ಲದೆ ಚಿತ್ರಿಸಿದರೆ ಐಟಿ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲು. ನಮಗೆ ಪೊಲೀಸರ ಅಧಿಕಾರ ಯಾವುದೂ ಇಲ್ಲ. ಖಾಸಗಿ ಪತ್ತೇದಾರಿ ಸಂಸ್ಥೆಗಳ ಬಗ್ಗೆ 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾಯ್ದೆಯಾಗಲೇ ಇಲ್ಲ. ಸಾರ್ವಜನಿಕ ರಸ್ತೆಯ ಮೇಲೆ ನಿಂತು, ಅಲ್ಲಿಂದ ಯಾರಿಗಾದರೂ ಕಾಣುವುದನ್ನು ಮಾತ್ರ ಚಿತ್ರಿಸಿ. ಒಳ್ಳೆಯ ಜೂಮ್ ಬೇಕಾದದ್ದು ದೂರ ನಿಲ್ಲುವುದಕ್ಕೆ, ಕಿಟಕಿಯೊಳಗೆ ಇಣುಕುವುದಕ್ಕಲ್ಲ. ಧ್ವನಿ ಬೇಡವಾದರೆ ಮೈಕಿನ ತೂತಿಗೆ ಒಂದು ಖಾಲಿ ಜ್ಯಾಕ್ ಚುಚ್ಚಿ, ಹೆಚ್ಚಿನ ಕ್ಯಾಮ್‌ಕಾರ್ಡರ್‌ಗಳಲ್ಲಿ ಒಳಗಿನ ಮೈಕು ಬಂದಾಗುತ್ತದೆ.

ದುಡ್ಡು ಕಡಿಮೆಯಿದ್ದರೆ ಮದುವೆ ವಿಡಿಯೊ ತೆಗೆಯುವವರನ್ನು ಕೇಳಿ ನೋಡಿ. ಅವರು ಮಿರರ್‌ಲೆಸ್ ಎಂಬ ಹೊಸ ಬಗೆಯ ಕ್ಯಾಮೆರಾಗಳ ಕಡೆ ಹೋದ ಮೇಲೆ ಹಳೆಯ ಕ್ಯಾಮ್‌ಕಾರ್ಡರ್‌ಗಳು ಮಾರಾಟಕ್ಕಿವೆ. ಕೊಳ್ಳುವಾಗ ಒಂದು ಗಂಟೆ ನಿಲ್ಲಿಸದೆ ಓಡಿಸಿ, ಪೂರ್ತಿ ಜೂಮಿನಲ್ಲಿ ಫೋಕಸ್ ನಿಲ್ಲುತ್ತದೋ ನೋಡಿ, ಆಮೇಲೆ ದುಡ್ಡು ಕೊಡಿ.

ಪ್ರತಿ ಸಲ ಚಿತ್ರೀಕರಣಕ್ಕೆ ಮುಂಚೆ ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನದರ ಜೊತೆ ಸರಿಮಾಡಿ, ಮೊದಲ ದೃಶ್ಯವಾಗಿ ಮೊಬೈಲಿನ ಸಮಯವನ್ನೇ ಚಿತ್ರಿಸಿಕೊಳ್ಳಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಿಡಿಯೊವನ್ನು ಕೋರ್ಟಿಗೆ ಸಾಕ್ಷಿಯಾಗಿ ಕೊಡುವಾಗ ಬೇಕಾಗುವ, ಅದರ 63ನೇ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ, ಅಂದರೆ ಫೈಲಿನಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆಯನ್ನೂ, ಬರೆಯಬೇಕು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಅಂದೇ ಸಂಜೆ ಹ್ಯಾಶ್ ತೆಗೆದು ಬರೆದಿಡಿ, ಪ್ರತಿ ಮಾಡಿ, ಮೂಲ ಕಾರ್ಡಿನ ಲಾಕ್ ಹಾಕಿ ಲಕೋಟೆಯಲ್ಲಿಡಿ. 28 ಎಂಬಿಪಿಎಸ್‌ನ (ಸೆಕೆಂಡಿಗೆ 28 ಮೆಗಾಬಿಟ್) ಫುಲ್ ಎಚ್‌ಡಿ ಗಂಟೆಗೆ ಸುಮಾರು 12.6 ಜಿಬಿ, 100 ಎಂಬಿಪಿಎಸ್‌ನ 4ಕೆ ಗಂಟೆಗೆ 45 ಜಿಬಿ ತಿನ್ನುತ್ತದೆ. ಅದರ ಲೆಕ್ಕದಲ್ಲಿ ಪ್ರತಿ ಪ್ರಕರಣಕ್ಕೂ ಹೊಸ ಕಾರ್ಡು ಕೊಂಡು ಆ ಖರ್ಚನ್ನು ಬಿಲ್ಲಿನಲ್ಲೇ ಸೇರಿಸಿ. ಪ್ರಕರಣ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಮೇಲ್ಮನವಿ ಹೋಗಬಹುದು, ವರ್ಷಗಳಾದ ಮೇಲೂ ಆ ಕಾರ್ಡನ್ನು ಕೇಳಬಹುದು.

ನಮಸ್ಕಾರ.