ನಲವತ್ತು ಕಿಲೋ ಅಕ್ಕಿ, ಅರ್ಧ ಕಿಲೋ ಬೇಳೆ: ನಮ್ಮ ಮನೆಯ 2025ರ ಡಿಸೆಂಬರ್ ಲೆಕ್ಕ

ನಮಸ್ಕಾರ. ಈಗ ಬೆಳಗ್ಗೆ ಐದೂವರೆ. ತುಮಕೂರಿನಲ್ಲಿ ಚಳಿ ಜೋರಾಗಿದೆ. ಕಿಟಕಿಗೆ ಗೋಣಿಚೀಲ ಕಟ್ಟಿರುವುದರಿಂದ ಈ ವಿಡಿಯೊ ಸ್ವಲ್ಪ ಕತ್ತಲಾಗಿ ಕಾಣಬಹುದು. ಮೊಬೈಲ್ ಹಿಡಿದಿರುವುದು ನನ್ನ ಮಗಳು, ಒಂಬತ್ತನೇ ತರಗತಿ. ಒಲೆಯ ಪಕ್ಕದಲ್ಲಿ ಕಾಣುತ್ತಿರುವ ಎರಡು ಚೀಲಗಳಲ್ಲಿ ನಲವತ್ತು ಕಿಲೋ ಅಕ್ಕಿ ಇದೆ. ಮೊನ್ನೆ ಸೊಸೈಟಿ ಅಂಗಡಿಯಿಂದ ತಂದದ್ದು. ಮೇಲಿನ ಹಲಗೆಯ ಮೇಲಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ಕಿಲೋ ತೊಗರಿ ಬೇಳೆ ಇದೆ. ತಿಂಗಳು ಮುಗಿಯಲು ಇನ್ನೂ ಇಪ್ಪತ್ತೊಂದು ದಿನ.

ಪರಿಚಯದವರು ನನ್ನನ್ನು ಕೇಳುತ್ತಾರೆ: ಅಕ್ಕಿ ಉಚಿತ, ಬಸ್ಸು ಉಚಿತ, ಕರೆಂಟು ಉಚಿತ, ಮೇಲೆ ಎರಡು ಸಾವಿರ ರೂಪಾಯಿ; ಇನ್ನೇನು ಕಷ್ಟ ನಿನಗೆ? ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಈ ಯೋಜನೆಗಳು ಬರದೇ ಇದ್ದಿದ್ದರೆ ನಾನು ಮಗಳನ್ನು ಓದು ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸಬೇಕಾಗುತ್ತಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬರುವುದು ಯಾವ ರೂಪದಲ್ಲಿ ಬರುತ್ತದೆ, ಯಾವ ದಿನ ಬರುತ್ತದೆ ಎಂಬುದು ಬದಲಾದಾಗಲೆಲ್ಲ ನಮ್ಮ ಅಡುಗೆಮನೆ ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕವನ್ನು ಇವತ್ತು ನಿಮಗೆ ತೋರಿಸುತ್ತೇನೆ.

ಮನೆಯಲ್ಲಿ ನಾಲ್ಕು ಜನ. ನಾನು, ನಮ್ಮತ್ತೆ, ಮಗಳು, ನಾಲ್ಕನೇ ತರಗತಿಯ ಮಗ. ಮಕ್ಕಳ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಸಹಾಯಕ ಅಡುಗೆಯವಳು. ತಿಂಗಳಿಗೆ 4,600 ರೂಪಾಯಿ ಗೌರವಧನ. ಅದರ ಜೊತೆಗೆ ಮನೆಯಲ್ಲಿ ರವಿಕೆ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚುತ್ತೇನೆ. ಮದುವೆಯ ತಿಂಗಳಲ್ಲಿ ಮೂರು ಸಾವಿರ ಬರುತ್ತದೆ, ಆಷಾಢದಲ್ಲಿ ಸಾವಿರವೂ ಕಷ್ಟ. ನನಗೆ ವಿಧವಾ ವೇತನ 800, ಅತ್ತೆಗೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯದ ಪಿಂಚಣಿ 1,200. ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೆ ಬರುತ್ತದೆ, ಏಕೆಂದರೆ ಪಡಿತರ ಚೀಟಿಯಲ್ಲಿ ಯಜಮಾನಿ ಅವರು.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟಾಗ, ಯಜಮಾನಿ ಎಂದರೆ ಅತ್ತೆಯೋ ಸೊಸೆಯೋ ಎಂಬ ಮಾತು ಎಲ್ಲ ಮನೆಗಳಲ್ಲೂ ನಡೆಯಿತು. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಒಲೆಗಳು ಬೇರೆಯಾದವು. ಮೊದಲ ಕಂತು ಬಂದ ದಿನ ನಮ್ಮತ್ತೆ ಎಟಿಎಂ ಕಾರ್ಡನ್ನು ನನ್ನ ಕೈಗಿಟ್ಟು, "ಮನೆ ನಡೆಸುವವಳು ನೀನು ಕಣಮ್ಮ, ಹೆಸರು ಮಾತ್ರ ನಂದು" ಎಂದರು. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಈಗ ಅಕ್ಕಿಯ ವಿಷಯ. 2023ರ ಜುಲೈಯಿಂದ ಉಚಿತ ಅಕ್ಕಿಯ ಅನ್ನಭಾಗ್ಯ ಯೋಜನೆಯಲ್ಲಿ ಒಬ್ಬರಿಗೆ ಹೆಚ್ಚುವರಿ ಐದು ಕಿಲೋ ಅಕ್ಕಿ ಕೊಡಬೇಕಿತ್ತು. ಬೇಕಾದಷ್ಟು ಅಕ್ಕಿ ರಾಜ್ಯಕ್ಕೆ ಸಿಗದೆ, ಕಿಲೋಗೆ 34 ರೂಪಾಯಿಯಂತೆ ಒಬ್ಬರಿಗೆ 170 ರೂಪಾಯಿ ಹಣ ಹಾಕಿದರು. ನಾಲ್ಕು ಜನಕ್ಕೆ 680. ಆ 680 ರೂಪಾಯಿ ನಮ್ಮ ಮನೆಗೆ ಏನಾಗಿತ್ತು ಗೊತ್ತೇ? ಒಂದು ಕಿಲೋ ತೊಗರಿ ಬೇಳೆ, ಒಂದು ಲೀಟರ್ ಎಣ್ಣೆ, ಅರ್ಧ ಕಿಲೋ ಕಡಲೆಬೀಜ, ಉಳಿದದ್ದರಲ್ಲಿ ಮೆಣಸಿನಕಾಯಿ, ಜೀರಿಗೆ, ಸಾಸಿವೆ. ತೊಗರಿ ಬೇಳೆಯ ಬೆಲೆ ಏರಿದ್ದ ಆ ದಿನಗಳಲ್ಲಿ ಒಬ್ಬರ ಪಾಲಿನ ಹಣ ಒಂದು ಕಿಲೋ ಬೇಳೆಗೆ ಸರಿಹೋಗುತ್ತಿತ್ತು. ಐದು ಕಿಲೋ ಅಕ್ಕಿ ಊಟದ ತಟ್ಟೆಯಲ್ಲಿ ಅನ್ನವಾಗುತ್ತದೆ. ಆ ಹಣ ಸಾರಾಗುತ್ತಿತ್ತು, ಒಗ್ಗರಣೆಯಾಗುತ್ತಿತ್ತು, ಮಗನಿಗೆ ಚಟ್ನಿಪುಡಿಯಾಗುತ್ತಿತ್ತು.

2025ರ ಫೆಬ್ರವರಿಯಿಂದ ಹಣ ನಿಂತು ಅಕ್ಕಿಯೇ ಬರತೊಡಗಿತು. ಒಬ್ಬರಿಗೆ ಹತ್ತು ಕಿಲೋ. ಕೊಟ್ಟ ಮಾತು ಉಳಿಸಿಕೊಂಡರು ಎಂದು ಎಲ್ಲರೂ ಸಂತೋಷಪಟ್ಟರು. ಹೆಚ್ಚು ಮಕ್ಕಳಿರುವ, ಮೂರು ಹೊತ್ತೂ ಅನ್ನ ಉಣ್ಣುವ ಮನೆಗಳಿಗೆ ಅದು ನಿಜವಾಗಿಯೂ ಒಳ್ಳೆಯದಾಯಿತು. ನಮ್ಮದು ರಾಗಿ ಉಣ್ಣುವ ಮನೆ. ರಾತ್ರಿ ಮುದ್ದೆ ಇಲ್ಲದಿದ್ದರೆ ಅತ್ತೆಗೆ ನಿದ್ದೆ ಬರುವುದಿಲ್ಲ. ಎಷ್ಟು ಉಂಡರೂ ತಿಂಗಳಿಗೆ ಇಪ್ಪತ್ತು ಕಿಲೋ ಅಕ್ಕಿಯ ಮೇಲೆ ನಮಗೆ ಖರ್ಚಾಗುವುದಿಲ್ಲ. ಅಕ್ಕಿ ಚೀಲದಲ್ಲಿ ಉಳಿಯಿತು, ಬೇಳೆಯ ಡಬ್ಬಿ ಖಾಲಿಯಾಯಿತು.

ಉಳಿದ ಅಕ್ಕಿಯನ್ನು ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೈಕಿನ ಮೇಲೆ ತಕ್ಕಡಿ ಕಟ್ಟಿಕೊಂಡು ಬಂದವನು ಕಿಲೋಗೆ 12 ರೂಪಾಯಿ ಕೊಡುತ್ತೇನೆ ಎಂದ. ಇಪ್ಪತ್ತು ಕಿಲೋಗೆ 240. ಸರ್ಕಾರ 680 ಎಂದು ಬೆಲೆ ಕಟ್ಟಿದ್ದ ಅದೇ ಅಕ್ಕಿ ನಮ್ಮ ಹೊಸ್ತಿಲಿನಲ್ಲಿ 240 ಆಗುತ್ತದೆ. ಪಡಿತರ ಅಕ್ಕಿ ಮಾರುವುದು ಅಪರಾಧ, ಸಿಕ್ಕಿಬಿದ್ದರೆ ಚೀಟಿಯೇ ಹೋಗುತ್ತದೆ. ನಾನು ಮಾರಲಿಲ್ಲ. ಆದರೆ ಮಾರಿದವರನ್ನು ಬೈಯುವ ಮನಸ್ಸು ನನಗೆ ಬರುವುದಿಲ್ಲ. ಪಕ್ಕದ ಮನೆಯಾಕೆ ಆ ದುಡ್ಡಿನಲ್ಲಿ ಮಗುವಿಗೆ ಜ್ವರದ ಔಷಧಿ ತಂದದ್ದನ್ನು ಕಣ್ಣಾರೆ ನೋಡಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ಮತ್ತೊಂದು ತೀರ್ಮಾನವಾಯಿತು. ಆ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡುವುದೆಂದು ಸಚಿವ ಸಂಪುಟ ಒಪ್ಪಿತು. ಸುದ್ದಿ ಕೇಳಿದಾಗ ನನಗೆ ಅಳು ಬಂದಂತಾಯಿತು. ನಮ್ಮಂಥವರ ಅಡುಗೆಮನೆಯನ್ನು ಯಾರೋ ನೋಡಿದ್ದಾರೆ ಅನ್ನಿಸಿತು. ಕಿಟ್ ನಮ್ಮ ಕೈಗೆ ಬಂದ ದಿನ ಬಿಚ್ಚಿ ತೂಗಿ ನಿಮಗೆ ತೋರಿಸುತ್ತೇನೆ. ಅಲ್ಲಿಯವರೆಗೆ ಈ ಅರ್ಧ ಕಿಲೋ ಬೇಳೆಯಲ್ಲೇ ನಡೆಯಬೇಕು.

ನಡೆಸುವುದು ಹೇಗೆ ಎಂದರೆ, ಬಸ್ಸಾರು. ಮಗಳು ಈಗ ಪಾತ್ರೆಯನ್ನು ಹತ್ತಿರದಿಂದ ತೋರಿಸುತ್ತಿದ್ದಾಳೆ. ಒಂದು ಪಾವು ಹುರುಳಿಕಾಳು, ಜೊತೆಗೆ ಹಿತ್ತಿಲಲ್ಲಿ ತಾನಾಗಿ ಬೆಳೆದ ದಂಟಿನ ಸೊಪ್ಪು. ಬೇಯಿಸಿ ಬಸಿದರೆ ಬೇಯಿಸಿದ ನೀರು, ಅಂದರೆ ಕಟ್ಟು, ಒಂದು ಕಡೆ, ಕಾಳು ಸೊಪ್ಪು ಒಂದು ಕಡೆ. ಆ ಕಟ್ಟಿನ ನೀರಿಗೆ ಹುಣಸೆಹಣ್ಣು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ರುಬ್ಬಿ ಹಾಕಿದರೆ ಸಾರು. ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೆಂಕಿಯಲ್ಲಿ ಎರಡು ಅಡುಗೆ, ತೊಗರಿ ಬೇಳೆ ಒಂದು ಕಾಳೂ ಬೇಡ. ಸಾರನ್ನು ಮಾರನೆಯ ದಿನ ಕುದಿಸಿದರೆ ಇನ್ನೂ ರುಚಿ. ಇದು ಬಡವರ ಅಡುಗೆ ಎಂದು ಕರೆಯುವವರಿದ್ದಾರೆ. ನನಗೆ ಇದು ನಮ್ಮಮ್ಮನ ಅಡುಗೆ, ಹಬ್ಬದ ದಿನ ಮಾಡಿದರೂ ನನಗೆ ಸಂತೋಷವೇ.

ಈಗ ಅವರೆಕಾಯಿಯ ಕಾಲ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಬೆಲೆ ಇಳಿದಿರುತ್ತದೆ. ಉಳಿದ ಅಕ್ಕಿಯಲ್ಲಿ ಸ್ವಲ್ಪವನ್ನು ಗಿರಣಿಗೆ ಹಾಕಿಸಿ ರೊಟ್ಟಿ ಹಿಟ್ಟು ಮಾಡಿಸಿದ್ದೇನೆ. ಬೆಳಗಿನ ತಿಂಡಿಗೆ ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ. ಬೇಸಿಗೆ ಬಂದರೆ ಸಂಡಿಗೆ, ಹಪ್ಪಳ. ಬೆಂದ ಸಂಡಿಗೆ ಹಿಟ್ಟನ್ನು ಸೀರೆಯ ಮೇಲೆ ಇಡುವುದರಲ್ಲಿ ನಮ್ಮತ್ತೆಯದು ಎತ್ತಿದ ಕೈ.

ಮಕ್ಕಳ ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತದೆ. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ 2024ರಲ್ಲಿ ಆರು ದಿನವಾಯಿತು. ಆ ಮೊಟ್ಟೆಗಳನ್ನು ಬೇಯಿಸಿ ಸುಲಿಯುವವರಲ್ಲಿ ನಾನೂ ಒಬ್ಬಳು. ಬೆರಳು ಸುಡುತ್ತದೆ, ಆದರೆ ಸಾಲಿನಲ್ಲಿ ಕುಳಿತ ಮಗನ ತಟ್ಟೆಗೆ ಮೊಟ್ಟೆ ಬೀಳುವುದನ್ನು ನೋಡುವಾಗ ಅದರ ನೆನಪಿರುವುದಿಲ್ಲ. ಮನೆಯಲ್ಲಿ ಹಾಲು ದಿನಕ್ಕೆ ಒಂದು ಅರ್ಧ ಲೀಟರ್ ಪ್ಯಾಕೆಟ್. ಅದರಲ್ಲಿ 550 ಮಿಲಿ ಲೀಟರ್ ಬರುತ್ತಿತ್ತು, 2025ರ ಏಪ್ರಿಲ್‌ನಿಂದ ಮತ್ತೆ 500. ಕಡಿಮೆಯಾದ ಐವತ್ತು ಅತ್ತೆಯ ಎರಡನೆಯ ಲೋಟ ಕಾಫಿಯಾಗಿತ್ತು.

ಕರೆಂಟಿನ ಬಗ್ಗೆ ಬಹಳ ಜನಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಅಂದುಕೊಂಡಿದ್ದಾರೆ. ಹಾಗಿಲ್ಲ. ಆ ಮೀಟರಿನಲ್ಲಿ ಹಿಂದೆ ಸರಾಸರಿ ಎಷ್ಟು ಖರ್ಚಾಗಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ, ಆ ಮನೆಯ ಮಿತಿ ಕಟ್ಟುತ್ತಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ನಾವು ಈ ಮನೆಗೆ ಬಾಡಿಗೆಗೆ ಬಂದದ್ದು ಕಳೆದ ವರ್ಷ. ಮೊದಲು ಇಲ್ಲಿದ್ದವರು ಒಬ್ಬರೇ ಒಬ್ಬ ವಯಸ್ಸಾದವರು. ಒಂದು ಬಲ್ಬು, ಒಂದು ಫ್ಯಾನು. ಅವರ ಮಿತಿಯೇ ಈಗ ನಾಲ್ಕು ಜನರ ನಮ್ಮ ಮಿತಿ.

ಹೊಲಿಗೆ ಯಂತ್ರಕ್ಕೆ ನಾನು ಮೋಟಾರ್ ಹಾಕಿಸಿದ್ದೆ. ನೂರು ವಾಟ್ ಮೋಟಾರ್. ಹತ್ತು ಗಂಟೆ ಓಡಿದರೆ ಒಂದು ಯೂನಿಟ್. ಮದುವೆಯ ಕಾಲದಲ್ಲಿ ದಿನಕ್ಕೆ ಐದು ಗಂಟೆ ಹೊಲಿದರೆ ತಿಂಗಳಿಗೆ ಹದಿನೈದು ಯೂನಿಟ್. ಎರಡು ತಿಂಗಳು ಬಿಲ್ಲು ಬಂದ ಮೇಲೆ ಮೋಟಾರಿನ ಬೆಲ್ಟ್ ಬಿಚ್ಚಿ, ಪೆಡಲಿಗೆ ಮರಳಿದೆ. ರಾತ್ರಿ ಹೊಲಿಯುತ್ತಿದ್ದುದನ್ನು ಬೆಳಗ್ಗೆ ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಬದಲಾಯಿಸಿದೆ. ಮೊಣಕಾಲು ನೋಯುತ್ತದೆ. ನೋವಿಗೆ ಬಿಲ್ಲು ಬರುವುದಿಲ್ಲವಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದೂ ಒಂದು ಖರ್ಚು. ಯಾವ ಪುಸ್ತಕದಲ್ಲೂ ಅದನ್ನು ಬರೆಯುವುದಿಲ್ಲ ಅಷ್ಟೆ.

ಬಸ್ಸಿನ ವಿಷಯದಲ್ಲಿ ನನ್ನ ಮಾತು ಒಂದೇ: ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ನನಗೆ ತವರನ್ನು ವಾಪಸು ಕೊಟ್ಟಿತು. ಶಿರಾದ ಕಡೆಯ ಹಳ್ಳಿ ನಮ್ಮದು. 2023ರ ಜೂನ್ 11ರಂದು ಅದು ಶುರುವಾಗುವುದಕ್ಕಿಂತ ಮುಂಚೆ ವರ್ಷಕ್ಕೆ ಒಂದು ಸಲ ಹೋಗುತ್ತಿದ್ದೆ. ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ, ಅಣ್ಣನ ಹೊಲದ ಕಡಲೆಕಾಯಿ, ಹುರುಳಿ, ಹುಣಸೆಹಣ್ಣು ಚೀಲ ತುಂಬಿಕೊಂಡು ಬರುತ್ತೇನೆ. ಮಗನಿಗೆ ಮಾತ್ರ ಅರ್ಧ ಟಿಕೆಟ್, ಅದೂ 2025ರ ಜನವರಿಯಲ್ಲಿ ದರ ಹದಿನೈದು ಶೇಕಡಾ ಏರಿದ ಮೇಲೆ ಕೈಗೆ ತಗಲುತ್ತದೆ. ಅದಕ್ಕೇ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತೇನೆ. ಪ್ರತಿ ಸಲ ಅಳುತ್ತಾನೆ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳು ರದ್ದಾಗುತ್ತಿವೆ ಎಂಬ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅರ್ಹರ ಚೀಟಿಗಳನ್ನು ಹಿಂದಿರುಗಿಸುತ್ತೇವೆ ಎಂದು ಆಮೇಲೆ ಸರ್ಕಾರವೇ ಹೇಳಿತು. ಆದರೆ ಹೆದರಿಕೆ ಹೋಗಿಲ್ಲ. ಬಿಪಿಎಲ್‌ಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ ಹತ್ತು ಸಾವಿರ. ಬಹುತೇಕ ಉದ್ಯೋಗಗಳಿಗೆ ಸರ್ಕಾರವೇ ಗೊತ್ತು ಮಾಡಿರುವ ಕನಿಷ್ಠ ವೇತನ ಅದಕ್ಕಿಂತ ಹೆಚ್ಚಿದೆ. ಕಾನೂನಿನಂತೆ ಸಂಬಳ ಸಿಕ್ಕ ಒಬ್ಬಳೇ ಒಬ್ಬ ಹೆಂಗಸು ಬಡತನದ ರೇಖೆ ದಾಟಿಬಿಡುತ್ತಾಳೆ! ಮಗಳು ಮುಂದೆ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅಕ್ಕಿ, ಬೇಳೆ, ಅಜ್ಜಿಯ ಆಸ್ಪತ್ರೆಯ ಸೌಲಭ್ಯ ಎಲ್ಲವೂ ಪ್ರಶ್ನೆಯಾಗಬಹುದು. ಈ ಮಿತಿಯನ್ನು ಬದಲಾಯಿಸಬೇಕು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಚೀಟಿ ಉಳಿದವರಿಗೂ ಬೆರಳಚ್ಚಿನ ಪರೀಕ್ಷೆ ಇದೆ. ನಮ್ಮತ್ತೆ ಇಪ್ಪತ್ತು ವರ್ಷ ಹುಣಸೆಹಣ್ಣು ಬಿಡಿಸಿದವರು. ಆ ಹುಳಿಯಲ್ಲಿ ಬೆರಳ ಗೆರೆಗಳೇ ಸವೆದಿವೆ. ಇ-ಕೆವೈಸಿಗೆ ಹೋದಾಗ ಯಂತ್ರ ಆರು ಸಲ ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು. ಕೊನೆಗೆ ಕಣ್ಣಿನ ಯಂತ್ರ ಇದ್ದ ಕಡೆ ಕರೆದುಕೊಂಡು ಹೋಗಬೇಕಾಯಿತು, ಒಂದು ದಿನದ ಕೆಲಸ ಹೋಯಿತು. ದುಡಿದು ಸವೆದ ಕೈ ಅದು. ಸಾಲಿನಲ್ಲಿ ನಿಂತು ಅವರು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಗೃಹಲಕ್ಷ್ಮಿ ಹಣ ಯಾವ ತಾರೀಖಿಗೆ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಎರಡು ತಿಂಗಳು ಬರದೆ, ಆಮೇಲೆ ಬಂದದ್ದೂ ಇದೆ. ಸಂಘದ ಸಾಲದ ಕಂತು ಮಾತ್ರ ಪ್ರತಿ ಗುರುವಾರ, 400 ರೂಪಾಯಿ, ಮಳೆ ಬಂದರೂ ನಿಲ್ಲುವುದಿಲ್ಲ. ಬಾಡಿಗೆ ಐದನೇ ತಾರೀಖು, 3,000. ಮೊದಲು ನಾನು ಎರಡು ಸಾವಿರವನ್ನು ತಿಂಗಳ ಆದಾಯದಲ್ಲಿ ಸೇರಿಸಿ ಲೆಕ್ಕ ಹಾಕುತ್ತಿದ್ದೆ. ಬರಲಿಲ್ಲವೆಂದರೆ ದಿನಸಿ ಅಂಗಡಿಯ ಸಾಲದ ಪುಸ್ತಕ, ಸಾಲ ಬರೆಸಿದರೆ ಅವರು ಕೊಟ್ಟದ್ದೇ ಬೆಲೆ. ಈಗ ಲೆಕ್ಕ ಬದಲಾಯಿಸಿದ್ದೇನೆ. ಸಂಬಳ, ಹೊಲಿಗೆ, ಎರಡು ಪಿಂಚಣಿ, ಇಷ್ಟರಲ್ಲೇ ತಿಂಗಳು ಮುಗಿಯಬೇಕು. ಗೃಹಲಕ್ಷ್ಮಿ ಬಂದ ದಿನ ಅದು ಏಪ್ರಿಲ್ ಡಬ್ಬಿಗೆ ಹೋಗುತ್ತದೆ. ಅಗೋ, ದೇವರ ಗೂಡಿನ ಹಿಂದೆ ಕಾಣುತ್ತಿರುವ ಸ್ಟೀಲ್ ಡಬ್ಬಿ.

ಏಪ್ರಿಲ್ ಡಬ್ಬಿ ಯಾಕೆಂದರೆ, ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಇಲ್ಲ, ನನಗೆ ಗೌರವಧನ ಇಲ್ಲ. ಮಕ್ಕಳ ಮಧ್ಯಾಹ್ನದ ಊಟವೂ ಮನೆಯಲ್ಲೇ. ಆದಾಯ ನಿಲ್ಲುವ ತಿಂಗಳಲ್ಲೇ ಖರ್ಚು ಹೆಚ್ಚುತ್ತದೆ. ಆಗ ನಾನೂ ಅತ್ತೆಯ ಹಾಗೆ ಹುಣಸೆಹಣ್ಣು ಬಿಡಿಸಲು ಕೂರುತ್ತೇನೆ. ಬೀಜ ಬೇರೆ, ನಾರು ಬೇರೆ, ತೂಕದ ಮೇಲೆ ಕೂಲಿ. ಹೋದ ವರ್ಷ ಆ ಎರಡು ತಿಂಗಳಲ್ಲಿ ಕಿವಿಯ ಓಲೆ ಅಡವಿಟ್ಟಿದ್ದೆ. ಈ ವರ್ಷ ಡಬ್ಬಿಯಲ್ಲಿ ಈಗಾಗಲೇ 5,500 ರೂಪಾಯಿ ಇದೆ.

ಮೊನ್ನೆ ಅತ್ತೆಯ ಮೊಬೈಲಿಗೆ ಸಂದೇಶ ಬಂತು, ಎರಡು ಸಾವಿರ ಜಮೆ. ಯಾವ ತಿಂಗಳದ್ದು ಎಂದು ಅದರಲ್ಲಿ ಇರಲಿಲ್ಲ. ಬೇಳೆ ತರೋಣವೇ ಎಂದು ಮಗಳು ಕೇಳಿದಳು. ನಾನು ಸುಮ್ಮನಿದ್ದೆ. ಅತ್ತೆಯೇ ನೂರು ರೂಪಾಯಿ ತೆಗೆದು ಅವಳ ಕೈಗಿಟ್ಟು, ಅವರೆಕಾಯಿ ತಾ ಎಂದರು. ಉಳಿದ 1,900 ಡಬ್ಬಿಯೊಳಗೆ ಹೋಯಿತು. ಮೇಲಿನ 5,500 ಅದೂ ಸೇರಿ.

ಬಿಸಿಲು ಹೊಸ್ತಿಲಿಗೆ ಬಂತು. ಯಂತ್ರವನ್ನು ಅಲ್ಲಿಗೆ ಎಳೆಯಬೇಕು. ಒಂಬತ್ತಕ್ಕೆ ನಾನು ಶಾಲೆಯ ಅಡುಗೆಕೋಣೆಯಲ್ಲಿರಬೇಕು, ಅಷ್ಟರೊಳಗೆ ಈ ಹಸಿರು ರವಿಕೆಯ ಎರಡು ತೋಳು ಕೂಡಿಸಿದರೆ ಸಂಜೆ ಕೊಟ್ಟುಬಿಡಬಹುದು. ನಾಳೆ ಗುರುವಾರ.