ಅಪ್‌ಡೇಟ್ ಕೊಡುವ ಮೊದಲು

ಈಗ ನೀವು ನೋಡುತ್ತಿರುವುದು ಕರ್ಜತ್ ಸ್ಟೇಷನ್. ಮುಂಬೈಯಲ್ಲಿ ಕೆಲಸ ಮುಗಿಸಿ ಪುಣೆಗೆ ವಾಪಸ್ ಹೊರಟಿದ್ದೇವೆ. ಮುಂದೆ ಘಾಟ್ ಹತ್ತಬೇಕಲ್ವಾ, ಅದಕ್ಕೆ ಗಾಡಿಯ ಹಿಂದೆ ತಳ್ಳುವ ಎಂಜಿನ್ ಜೋಡಿಸುತ್ತಿದ್ದಾರೆ. ನನ್ನ ಕೈಯಲ್ಲಿ ಬಿಸಿ ವಡಾಪಾವ್. ಎದುರಿಗೆ ನಮ್ಮ ಟೀಮಿನ ಧಾರವಾಡದ ಹುಡುಗಿ, ತೊಡೆ ಮೇಲೆ ಲ್ಯಾಪ್‌ಟಾಪ್.

"ಅಕ್ಕಾರ, ಯಾವ್ಯಾವ ಫೈಲ್ ಮುಟ್ಟೀನಿ ಅಂತ ನೆನಪಿಲ್ರಿ. ಎಸ್‌ವಿಎನ್ ಅಪ್‌ಡೇಟ್ ಕೊಟ್ರ ಗೊತ್ತಾಗ್ತದೇನ್ರಿ?"

"ತಡಿ, ಎಂಟರ್ ಒತ್ತಬೇಡ" ಅಂದೆ.

ಎಸ್‌ವಿಎನ್ ಅಂದರೆ ಸಬ್‌ವರ್ಷನ್, ಟೀಮಿನವರೆಲ್ಲರ ಕೋಡ್ ಫೈಲುಗಳನ್ನು ಒಂದು ಸರ್ವರಿನಲ್ಲಿಟ್ಟು ಯಾರು ಏನು ಬದಲಾಯಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್. ಅಪ್‌ಡೇಟ್ ಕೊಟ್ಟರೆ ಬೇರೆಯವರ ಬದಲಾವಣೆಯೂ ಬಂದು ನಮ್ಮ ಫೈಲಿನಲ್ಲಿ ಸೇರಿಕೊಳ್ಳುತ್ತದೆ. ಇಬ್ಬರೂ ಒಂದೇ ಸಾಲು ಮುಟ್ಟಿದ್ದರೆ ಕಾನ್‌ಫ್ಲಿಕ್ಟ್, ಯಾವುದು ಉಳಿಯಬೇಕು ಅಂತ ನಾವೇ ಕೂತು ಬಿಡಿಸಬೇಕು. ಎಸ್‌ವಿಎನ್‌ಗೂ ಮೊದಲು ಇದೇ ಕೆಲಸ ಮಾಡುತ್ತಿದ್ದ ಹಳೇ ಸಿವಿಎಸ್‌ನಲ್ಲಿ ನಾವು 'ಸಿವಿಎಸ್ ಹೈಫನ್ ಎನ್ ಅಪ್‌ಡೇಟ್' ಅಂತ ಕೊಡುತ್ತಿದ್ದೆವು. ಆ 'ಎನ್' ಇದ್ದರೆ ಏನಾಗಬಹುದು ಅಂತ ತೋರಿಸುತ್ತದೆ, ಫೈಲ್ ಮುಟ್ಟುವುದಿಲ್ಲ. ಎಸ್‌ವಿಎನ್‌ನಲ್ಲಿ ಇನ್ನೂ ಸುಲಭ. 'ಎಸ್‌ವಿಎನ್ ಸ್ಟೇಟಸ್', ಅಷ್ಟೇ.

ಪಳಸದರಿ ಸ್ಟೇಷನ್ ದಾಟಿತು. ಸುರಂಗ ಶುರು, ನೆಟ್ ಹೋಯಿತು. ಅವಳು ಸುಮ್ನೆ ಎಂಟರ್ ಒತ್ತಿದಳು. ಉತ್ತರ ಬಂದೇಬಿಟ್ಟಿತು! ನಾಲ್ಕು ಸಾಲು. ಎರಡು ಫೈಲಿನ ಮುಂದೆ ಎಂ, ಅಂದರೆ ನಾವು ಬದಲಾಯಿಸಿದ್ದು. ಒಂದರ ಮುಂದೆ ಪ್ರಶ್ನೆ ಚಿಹ್ನೆ, ಎಸ್‌ವಿಎನ್‌ಗೆ ಪರಿಚಯವೇ ಇಲ್ಲದ ಲಾಗ್ ಫೈಲ್. ಇನ್ನೊಂದರ ಮುಂದೆ ಆಶ್ಚರ್ಯ ಚಿಹ್ನೆ. ಅದನ್ನು ಅವಳು ಎಸ್‌ವಿಎನ್‌ಗೆ ಹೇಳದೆ ಅಳಿಸಿಬಿಟ್ಟಿದ್ದಳು.

ನೆಟ್ ಇಲ್ಲದೆ ಹೇಗೆ? ಚೆಕೌಟ್ ಮಾಡಿದಾಗ, ಅಂದರೆ ಸರ್ವರಿನಿಂದ ಫೈಲುಗಳನ್ನು ಮೊದಲು ಇಳಿಸಿಕೊಂಡಾಗ, ಪ್ರತಿ ಫೈಲಿನ ಮೂಲ ಪ್ರತಿ ಡಾಟ್ ಎಸ್‌ವಿಎನ್ ಅನ್ನುವ ಫೋಲ್ಡರಿನಲ್ಲಿ ಅಡಗಿ ಕೂತಿರುತ್ತದೆ. ಮೊದಲು ಪ್ರತಿ ಫೋಲ್ಡರಿನಲ್ಲೂ ಅದು ಇರುತ್ತಿತ್ತು. 2011ರ 1.7 ಆವೃತ್ತಿಯಿಂದ ಮೇಲ್ಗಡೆ ಒಂದೇ ಕಡೆ. ಹೋಲಿಕೆ ನಡೆಯುವುದು ಅದರ ಜೊತೆ, ಸರ್ವರ್ ಜೊತೆ ಅಲ್ಲ. ಸಿವಿಎಸ್‌ಗೆ ಈ ಅನುಕೂಲ ಇರಲಿಲ್ಲ, ಡಿಫ್, ಅಂದರೆ ಯಾವ್ಯಾವ ಸಾಲು ಬದಲಾಗಿದೆ ಅನ್ನುವುದನ್ನು ನೋಡಬೇಕಾದರೂ ಸರ್ವರ್ ಬೇಕಿತ್ತು.

ಅದೇ ಕತ್ತಲಲ್ಲಿ 'ಎಸ್‌ವಿಎನ್ ಡಿಫ್' ಕೊಟ್ಟೆವು. ಹೊಸದಾಗಿ ಸೇರಿಸಿದ, ಪ್ಲಸ್ ಗುರುತಿನ ಸಾಲುಗಳ ನಡುವೆ ಟೆಸ್ಟ್ ಸರ್ವರಿನ ವಿಳಾಸ! ಅವಳು ಪರೀಕ್ಷೆಗೆ ಅಂತ ಹಾಕಿ ಮರೆತಿದ್ದಳು. ಕಮಿಟ್ ಆಗಿ ಸರ್ವರಿಗೆ ಸೇರಿದ್ದರೆ ಎಷ್ಟು ಜನಕ್ಕೆ ತೊಂದರೆ! ಅವಳ ಮುಖ ನೋಡಿ ನನಗೇ ಜೀವ ಬಂದಂತಾಯಿತು.

ಲೋಣಾವಳದಲ್ಲಿ ಸಿಗ್ನಲ್ ಬಂತು. 'ಸ್ಟೇಟಸ್ ಹೈಫನ್ ಯು' ಕೊಟ್ಟೆವು. ಇದು ಮಾತ್ರ ಸರ್ವರನ್ನು ಕೇಳುತ್ತದೆ, ಆದರೂ ಫೈಲ್ ಮುಟ್ಟುವುದಿಲ್ಲ. ಒಂದು ಎಂ ಪಕ್ಕದಲ್ಲಿ ನಕ್ಷತ್ರ. ಅದೇ ಫೈಲನ್ನು ಇನ್ಯಾರೋ ಬದಲಾಯಿಸಿ ಕಮಿಟ್ ಮಾಡಿದ್ದಾರೆ. ಅವಳು ಆ ವಿಳಾಸ ತೆಗೆದಳು, ತನ್ನ ಬದಲಾವಣೆ ಕಳೆಯದಿರಲಿ ಅಂತ ಡಿಫನ್ನು ಒಂದು ಪ್ಯಾಚ್ ಫೈಲಾಗಿ ಉಳಿಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು.

"ಈಗ ಕೊಡ್ಲೇನ್ರಿ?"

"ಈಗ ಕೊಡು."